ಕಡತದಲ್ಲಿ ಮರದ್ದೂ ಒಂದು ಫೋಟೋ ಇರಲಿ

ಮರ ಕಡಿಯುವ ಅರ್ಜಿಗಳನ್ನು ತೀರ್ಮಾನಿಸುವ ಮೈಸೂರಿನ ವೃಕ್ಷಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯವರಿಗೆ, ಮತ್ತು ಜೇಬಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ಓಡಾಡುವ ನನ್ನ ಊರಿನ ಎಲ್ಲರಿಗೂ,

ನಮಸ್ಕಾರ.

ನಾನು ಈ ಊರಿನಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಇಪ್ಪತ್ತೆರಡು ವರ್ಷ ಆಯಿತು. ಮದುವೆ, ನಾಮಕರಣ, ಗೃಹಪ್ರವೇಶ. ಉಳಿದ ದಿನ ಪಾಸ್‌ಪೋರ್ಟ್ ಸೈಜ್ ಫೋಟೋ. ಮಗುವನ್ನು ಶಾಲೆಗೆ ಸೇರಿಸಲು ಫೋಟೋ ಬೇಕು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಬೇಕು. ಪಿಂಚಣಿಗೆ ಬೇಕು. ಮನುಷ್ಯನ ಹೆಸರು ಬರೆಯುವ ಯಾವ ಅರ್ಜಿ ತೆಗೆದರೂ ಮೇಲೆ ಒಂದು ಚೌಕ ಇದ್ದೇ ಇರುತ್ತದೆ. ಅಲ್ಲಿ ಮುಖ ಅಂಟಿಸಬೇಕು. ಅರ್ಜಿ ನೋಡುವವರಿಗೆ ಇದು ಯಾರದ್ದು ಅಂತ ಗೊತ್ತಾಗಬೇಕು, ಅಲ್ವಾ?

ಒಂದು ಮರ ಕಡಿಯುವ ತೀರ್ಮಾನ ಆದಾಗ ರಸ್ತೆಯಲ್ಲಿ ಹೋಗುವ ನಮಗೆ ಕಾಣುವುದು ಅದರ ಬೊಡ್ಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ನಂಬರು ಮಾತ್ರ. ಅಂಥ ಮರಗಳ ಕಾಗದಪತ್ರ ನಾನು ಒಂದೆರಡು ಸಲ ನೋಡಿದ್ದೇನೆ. ಜಾತಿ ಇತ್ತು, ಸುತ್ತಳತೆ ಇತ್ತು, ಜಾಗದ ವಿವರ ಇತ್ತು. ಫೋಟೋನೂ ಇತ್ತು. ಆದರೆ ಅದು ನಂಬರು ಕಾಣಲಿ ಅಂತ ಹತ್ತಿರದಿಂದ ತೆಗೆದ ಬೊಡ್ಡೆಯ ಫೋಟೋ. ಮೇಲೆ ಮರ ಹೇಗಿದೆ, ಎಷ್ಟು ದೂರ ಹರಡಿದೆ, ಅದರ ಕೆಳಗೆ ಯಾರು ಕೂತಿದ್ದಾರೆ, ಏನೂ ಗೊತ್ತಾಗುವುದಿಲ್ಲ. ಮದುಮಗಳ ಫೋಟೋ ತೆಗೆಯಿರಿ ಅಂದರೆ ಅವಳ ಕಾಲ್ಬೆರಳಿನದ್ದು ಮಾತ್ರ ತೆಗೆದು ಕೊಟ್ಟ ಹಾಗೆ. ಈ ಪತ್ರ ಬರೆಯಲು ಕಾರಣ ಅದು.

ಮರಗಳ ಫೋಟೋ ತೆಗೆಯುವ ಅಭ್ಯಾಸ ನನಗೆ ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ. ಚಾಮುಂಡಿ ಬೆಟ್ಟದಲ್ಲಿ ಶುಕ್ರವಾರ ಶುಕ್ರವಾರ ಜನಸಾಗರ, ಸ್ಟುಡಿಯೋದಲ್ಲಿ ಮಾತ್ರ ಕೆಲಸ ಇಲ್ಲ. ಒಂದು ವರ್ಷ ಸುಮ್ನೆ ಕೂತಿರಲು ಆಗದೆ ಬೆಳಗ್ಗೆ ಕ್ಯಾಮೆರಾ ಹಿಡಿದು ಕುಕ್ಕರಹಳ್ಳಿ ಕೆರೆ ಏರಿಗೆ ಹೋದೆ. ತಿಂಗಳೆಲ್ಲ ತೆಗೆದೆ. ಒಂದೂ ಚೆನ್ನಾಗಿ ಬರಲಿಲ್ಲ. ಕಣ್ಣೆದುರು ಅಷ್ಟು ದೊಡ್ಡದಾಗಿ, ಸೊಂಪಾಗಿ ನಿಂತ ಮರ ಫೋಟೋದಲ್ಲಿ ಹಸಿರು ಮುದ್ದೆ ಆಗಿತ್ತು. ನಿಮ್ಮಲ್ಲಿ ಎಷ್ಟೋ ಜನರಿಗೆ ಹೀಗೆ ಆಗಿರುತ್ತದೆ. ಮೊಬೈಲ್ ತೆಗೆದು ಕ್ಲಿಕ್ ಮಾಡಿ, ನೋಡಿ, "ಬರಲೇ ಇಲ್ಲ" ಅಂತ ಅಳಿಸಿರುತ್ತೀರಿ.

ಮದುಮಗಳ ಮುಖಕ್ಕೆ ಯಾವ ಕಡೆಯಿಂದ ಬೆಳಕು ಬಿದ್ದರೆ ಚೆಂದ ಅಂತ ನನಗೆ ನಿದ್ದೆಯಲ್ಲೂ ಗೊತ್ತು. ಮರಕ್ಕೆ ಯಾವ ಕಡೆಯಿಂದ ಅಂತ ನನಗೆ ಗೊತ್ತಿರಲಿಲ್ಲ. ಅದನ್ನು ಕಲಿಯಲು ನಾಲ್ಕು ಆಷಾಢ ಬೇಕಾಯಿತು.

ನಮ್ಮ ಸೀಮೆಯಲ್ಲಿ ಸೂರ್ಯ ಬೇಗ ಮೇಲೇರಿಬಿಡುತ್ತಾನೆ. ಜನವರಿ ಕೊನೆಗೆ ಹುಟ್ಟುವುದೇ ಆರೂಮುಕ್ಕಾಲಕ್ಕೆ, ಮೇ ಕೊನೆಗೆ ಆರಕ್ಕೆ ಮುಂಚೆ. ಯಾವ ತಿಂಗಳಾದರೂ ಒಳ್ಳೆಯ ಬೆಳಕು ಸಿಗುವುದು ಒಂದು ಗಂಟೆ ಅಷ್ಟೇ. ಆಮೇಲೆ ಬಿಸಿಲು ನೆತ್ತಿಯ ಕಡೆ ಸರಿಯುತ್ತದೆ. ಮೇಲಿನ ಎಲೆಗಳು ಬಿಳಿಚಿಕೊಳ್ಳುತ್ತವೆ, ಕೆಳಗಿನ ಕೊಂಬೆಗಳು ಕತ್ತಲಾಗುತ್ತವೆ. ಆ ಒಂದು ಗಂಟೆಯಲ್ಲಿ ಬೆಳಕು ಪಕ್ಕದಿಂದ ಬರುತ್ತದೆ. ಆಗ ತೊಗಟೆಯ ಒಂದೊಂದು ಬಿರುಕೂ ಎದ್ದು ಕಾಣುತ್ತದೆ. ಹಳೆಯ ಹುಣಸೆಯ ಬೊಡ್ಡೆಯನ್ನು ಆ ಬೆಳಕಿನಲ್ಲಿ ನೋಡಿ. ಬೇಸಿಗೆಯಲ್ಲಿ ಬಿರಿದ ಗದ್ದೆಯ ಹಾಗೆ ಇರುತ್ತದೆ.

ಹೊಸ ಚಿಗುರಿಗೆ ಬೇರೆ ಉಪಾಯ. ಅರಳಿ ಮರ ಚಿಗುರಿದಾಗ ಸೂರ್ಯನಿಗೆ ಎದುರಾಗಿ ನಿಲ್ಲಬೇಕು. ಮರ ನಡುವೆ ಇರಬೇಕು. ಎಳೆಯ ಎಲೆಗಳು ತಾಮ್ರದ ಬಣ್ಣ, ಕಾಗದದಷ್ಟು ತೆಳು. ಬೆಳಕು ಹಿಂದಿನಿಂದ ತೂರಿ ಬಂದಾಗ ಮರದ ತುಂಬ ದೀಪ ಹಚ್ಚಿದ ಹಾಗೆ. ಹತ್ತು ಹನ್ನೆರಡು ದಿನದಲ್ಲಿ ಎಲೆ ದಪ್ಪವಾಗಿ ಹಸಿರಾಗುತ್ತದೆ, ಆ ನೋಟ ಮುಗಿಯಿತು, ಮುಂದಿನ ವರ್ಷಕ್ಕೆ ಕಾಯಬೇಕು.

ಮಳೆ ನಿಂತ ತಕ್ಷಣದ ಅರ್ಧ ಗಂಟೆಯೂ ಹಾಗೆ. ಬೊಡ್ಡೆ ಕಪ್ಪಾಗಿರುತ್ತದೆ, ಎಲೆಯ ದೂಳು ತೊಳೆದು ಹೋಗಿರುತ್ತದೆ, ಮೋಡದ ಬೆಳಕು ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಎಷ್ಟೋ ಜನ ಮೋಡ ಕಂಡರೆ ಕ್ಯಾಮೆರಾ ಒಳಗಿಡುತ್ತಾರೆ. ದಯವಿಟ್ಟು ಇಡಬೇಡಿ. ಮರದ ಕೆಳಗೆ ನಿಂತು ಒಳಗಿನ ಕೊಂಬೆಗಳ ಫೋಟೋ ತೆಗೆಯಲು ಮೋಡದ ದಿನಕ್ಕಿಂತ ಒಳ್ಳೆಯ ದಿನ ಇಲ್ಲ. ಆಷಾಢದ ಗಾಳಿಯೊಂದು ತೊಂದರೆ. ಎಲೆ ನಿಲ್ಲುವುದೇ ಇಲ್ಲ. ಗಾಳಿ ಒಂದು ಕ್ಷಣ ಉಸಿರು ಹಿಡಿಯುವ ತನಕ ಕಾಯಬೇಕು. ಆ ಕಾಯುವಿಕೆಯಲ್ಲೇ ನಾನು ಮರ ನೋಡುವುದನ್ನು ಕಲಿತದ್ದು.

ಇನ್ನೊಂದು ವಿಷಯ, ದೂರ. ಮರದ ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿದರೆ ಮರ ಹಿಂದಕ್ಕೆ ಬೀಳುತ್ತಿರುವ ಹಾಗೆ ಬರುತ್ತದೆ. ಹಿಂದೆ ಹೋಗಬೇಕು, ಇನ್ನೂ ಹಿಂದೆ. ಮರದ ತುದಿಯಿಂದ ಬುಡದವರೆಗೆ ಕಾಣಬೇಕು, ಅದರ ಸುತ್ತ ಸ್ವಲ್ಪ ಆಕಾಶ ಇರಬೇಕು. ಆಗ ಅದರ ಆಕಾರ ಗೊತ್ತಾಗುತ್ತದೆ. ಹೊಂಗೆ ದುಂಡಗೆ, ಆಕಾಶಮಲ್ಲಿಗೆ ನೆಟ್ಟಗೆ, ಗುಲ್‌ಮೊಹರ್ ಅಡ್ಡಡ್ಡ. ಮರದ ಅಂದ ಮೊದಲು ಇರುವುದು ಆಕಾರದಲ್ಲಿ. ಹೂವು ಆಮೇಲೆ.

ಹಾಗೆ ಹಿಂದೆ ಹಿಂದೆ ಹೋಗುತ್ತಾ ನನಗೆ ತಿಳಿದ ಕಷ್ಟ ಏನೆಂದರೆ, ಮೈಸೂರಿನಲ್ಲಿ ಒಂದು ಇಡೀ ಮರ ಸಿಗುವುದು ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದೆ. ಮರಗಳು ಇವೆ, ಆದರೆ ಅರ್ಧ ಇವೆ. ತಂತಿಗೆ ತಾಗುತ್ತದೆ ಅಂತ ಒಂದು ಕಡೆಯ ಕೊಂಬೆಗಳನ್ನೆಲ್ಲ ತೆಗೆದಿರುತ್ತಾರೆ. ಭಾರ ಎಲ್ಲ ಇನ್ನೊಂದು ಕಡೆಗೆ. ಒಂದು ದಿನ ಗಾಳಿ ಮಳೆಗೆ ಆ ಕಡೆ ವಾಲಿದಾಗ "ಅಪಾಯಕಾರಿ ಮರ" ಆಗುತ್ತದೆ. ಕೊಂಬೆಯನ್ನು ಅದರ ಬುಡದ ಉಬ್ಬಿದ ಉಂಗುರದ ಹತ್ತಿರ ಕತ್ತರಿಸಿದರೆ ಗಾಯ ಮುಚ್ಚಿಕೊಳ್ಳುತ್ತದೆ. ನಡುವೆ ಎಲ್ಲೋ ಕಡಿದು ಮೋಟು ಬಿಟ್ಟರೆ ಅದು ಕೊಳೆಯುತ್ತದೆ, ಕೊಳೆತ ಒಳಗೆ ಇಳಿಯುತ್ತದೆ. ಕ್ಯಾಮೆರಾದ ದೊಡ್ಡ ಲೆನ್ಸಿನಲ್ಲಿ ಆ ಮೋಟುಗಳನ್ನು ನಾನು ನೂರಾರು ನೋಡಿದ್ದೇನೆ. ಕಪ್ಪಗೆ, ಅಣಬೆ ಬೆಳೆದು. ಕೆಲವು ಮರಗಳಿಗೆ ಬುಡದವರೆಗೂ ಸಿಮೆಂಟ್ ಹಾಕಿದ್ದಾರೆ. ನೀರು ಎಲ್ಲಿಂದ ಇಳಿಯಬೇಕು? ದಸರಾ ಬಂದಾಗ ಬೊಡ್ಡೆಗೆ ಸೀರಿಯಲ್ ಲೈಟ್ ಸುತ್ತುತ್ತೇವೆ. ಅದು ನನಗೂ ಇಷ್ಟವೇ, ನಾನೂ ಫೋಟೋ ತೆಗೆದಿದ್ದೇನೆ. ಆದರೆ ಹಬ್ಬ ಮುಗಿದ ಮೇಲೂ ಮೊಳೆ ಒಳಗೇ ಉಳಿದರೆ, ತಂತಿ ಬಿಚ್ಚದೆ ಬಿಟ್ಟರೆ, ತೊಗಟೆ ಅದನ್ನು ನುಂಗಿಕೊಂಡು ಬೆಳೆಯುತ್ತದೆ. ಹಾಕಿದವರೇ ಬಿಚ್ಚಬೇಕು. ದೀಪದ ಕೆಲಸ ಒಪ್ಪಿಸುವಾಗಲೇ ಇದನ್ನು ಬರೆದುಕೊಳ್ಳಬಹುದು.

ಈಗ ಒಂದು ಮರದ ಕಥೆ ಹೇಳುತ್ತೇನೆ. ಯಾವ ರಸ್ತೆ, ಯಾರು ಕಡಿದರು ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ.

ನಮ್ಮ ಸ್ಟುಡಿಯೋದಿಂದ ಸ್ವಲ್ಪ ದೂರದಲ್ಲಿ ಒಂದು ಮಳೆ ಮರ ಇತ್ತು. ಮಳೆ ಮರ ಎತ್ತರಕ್ಕಿಂತ ಅಗಲ ಜಾಸ್ತಿ ಬೆಳೆಯುವ ಮರ. ಇದು ರಸ್ತೆಯ ಈ ಕಡೆ ನಿಂತು ಆ ಕಡೆಯ ಮನೆಗಳ ತಾರಸಿಯವರೆಗೆ ಕೈ ಚಾಚಿತ್ತು. ಹಗಲು ನೋಡಿದರೆ ದಟ್ಟ ಛತ್ರಿ. ಸಂಜೆ ಆರಕ್ಕೆ ಎಲೆಗಳು ಮುದುಡಲು ಶುರುವಾಗುತ್ತವೆ. ಕತ್ತಲಾಗುವ ಹೊತ್ತಿಗೆ ಅದೇ ಛತ್ರಿಯ ಒಳಗಿಂದ ಆಕಾಶ ಕಾಣುತ್ತದೆ, ಹಗಲು ಮುಚ್ಚಿದ್ದ ಕೊಂಬೆಗಳೆಲ್ಲ ಬಿಡಿಸಿ ಬರೆದ ಹಾಗೆ ಕಾಣುತ್ತವೆ. ಒಂದೇ ಜಾಗದಲ್ಲಿ ಟ್ರೈಪಾಡ್ ಇಟ್ಟು ನಾಲ್ಕೂವರೆಗೆ ಒಂದು, ಆರೂಕಾಲಕ್ಕೆ ಒಂದು ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರೂ ಒಂದೇ ಮರ ಅಂತ ನಂಬಲಿಲ್ಲ.

ಅದರ ಕೆಳಗೆ ಒಬ್ಬರು ಮದ್ದೂರು ಕಡೆಯ ಎಳನೀರು ಮಾರುತ್ತಿದ್ದರು. ಮರ ಎಷ್ಟು ದೊಡ್ಡದು ಅಂತ ಫೋಟೋದಲ್ಲಿ ತೋರಿಸಲು ಪಕ್ಕದಲ್ಲಿ ಮನುಷ್ಯ ಬೇಕು. ಹಾಗಾಗಿ ಅವರನ್ನೂ ಅವರ ಗಾಡಿಯನ್ನೂ ಫ್ರೇಮಿನ ಎಡ ಮೂಲೆಯಲ್ಲಿ ಸೇರಿಸಿಕೊಂಡೆ. ಅಷ್ಟು ದೊಡ್ಡ ಮರದ ಕೆಳಗೆ ಅವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಕೈಯಲ್ಲಿ ಮಚ್ಚು, ಎದುರಿಗೆ ಯೂನಿಫಾರಂ ಹಾಕಿದ ಇಬ್ಬರು ಮಕ್ಕಳು.

ಒಂದು ದಿನ ಬೊಡ್ಡೆಗೆ ನಂಬರು ಬಿತ್ತು. ಮೂರು ವಾರಕ್ಕೆ ಮರ ಹೋಯಿತು. ಮದುವೆ ಕೆಲಸಕ್ಕೆ ಅಂತ ಎರಡು ದಿನ ನಂಜನಗೂಡಿಗೆ ಹೋಗಿದ್ದೆ. ವಾಪಸ್ ಬಂದಾಗ ರಸ್ತೆ ಇದ್ದಕ್ಕಿದ್ದ ಹಾಗೆ ಬೆಳ್ಳಗಿತ್ತು. ಬೆಳಕು ಜಾಸ್ತಿ ಆದರೆ ಫೋಟೋ ಸುಟ್ಟು ಹೋಯಿತು ಅಂತ ನಾವು ಹೇಳುತ್ತೇವೆ. ಹಾಗಿತ್ತು ಆ ಜಾಗ.

ಒಂದು ವಾರ ಬಿಟ್ಟು ಎಳನೀರಿನವರು ಸ್ಟುಡಿಯೋಗೆ ಬಂದರು. ಒಳಗೆ ಬಾರದೆ ಬಾಗಿಲಲ್ಲೇ ನಿಂತರು. "ಅಣ್ಣಾ, ಆ ಮರದ್ದು ತೆಗ್ದಿದ್ರಲ್ಲ. ಅದ್ರಲ್ಲಿ ನನ್ ಗಾಡಿನೂ ಇತ್ತು. ಒಂದು ಕೊಡ್ತೀರಾ?" ದೊಡ್ಡದಾಗಿ ಪ್ರಿಂಟ್ ಹಾಕಿ, ಲ್ಯಾಮಿನೇಶನ್ ಮಾಡಿಸಿ ಕೊಟ್ಟೆ. ದುಡ್ಡು ಬೇಡ ಅಂದರೂ ಎರಡು ಎಳನೀರು ಕೆತ್ತಿ ಕೊಟ್ಟು ಹೋದರು. ಈಗ ಅವರು ದೊಡ್ಡ ಬಣ್ಣದ ಛತ್ರಿ ಕಟ್ಟಿಕೊಂಡು ಅಲ್ಲೇ ನಿಲ್ಲುತ್ತಾರೆ. ಗಾಡಿಯ ಹಿಂದಿನ ಹಲಗೆಗೆ ಆ ಫೋಟೋ ಕಟ್ಟಿದ್ದಾರೆ.

ಕಡಿಯುವ ಕಾಗದಕ್ಕೆ ಸಹಿ ಮಾಡಿದವರು ಆ ಫೋಟೋವನ್ನು ಮೊದಲೇ ನೋಡಿದ್ದರೆ? ರಸ್ತೆಗೆ ಜಾಗ ಬೇಕಿತ್ತು, ಒಪ್ಪುತ್ತೇನೆ. ಆದರೂ ಒಂದು ಸಲ ಅವರ ಕೈ ತಡೆಯುತ್ತಿತ್ತು ಅಂತ ನನಗೆ ಅನಿಸುತ್ತದೆ. ಚರಂಡಿಯನ್ನು ಎರಡು ಅಡಿ ಆಚೆ ತಿರುಗಿಸಲು ಆಗುತ್ತದಾ ಅಂತ ಇಂಜಿನಿಯರನ್ನು ಕೇಳುವಷ್ಟಾದರೂ.

ಫೋಟೋದಿಂದ ಏನಾಗುತ್ತದೆ ಅಂತ ಕೇಳುವವರಿಗೆ ನಮ್ಮ ಕಸುಬಿನ ಒಂದು ಹಳೆಯ ಕಥೆ ಇದೆ. 1861ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬ ಛಾಯಾಗ್ರಾಹಕ ಯೊಸೆಮಿಟಿ ಕಣಿವೆಗೆ ಹೋದ. ಆಗ ಫಿಲ್ಮ್ ಇನ್ನೂ ಬಂದಿರಲಿಲ್ಲ. ಸುಮಾರು 18 ಇಂಚು ಅಗಲ, 22 ಇಂಚು ಉದ್ದದ ಗಾಜಿನ ಪ್ಲೇಟುಗಳು. ಅಲ್ಲೇ ಕತ್ತಲೆ ಮಾಡಿಕೊಂಡು ಗಾಜಿಗೆ ಮದ್ದು ಹಚ್ಚಿ, ಅದು ಒಣಗುವ ಮುಂಚೆ ಚಿತ್ರ ತೆಗೆದು, ಅಲ್ಲೇ ತೊಳೆಯಬೇಕು. ಇಷ್ಟೆಲ್ಲ ಸಾಮಾನನ್ನು ಹೇಸರಗತ್ತೆಗಳ ಮೇಲೆ ಹೊರಿಸಿಕೊಂಡು ಹೋಗಿದ್ದ. ಅಲ್ಲಿ ಮಾರಿಪೋಸಾ ಅನ್ನುವ ತೋಪಿನಲ್ಲಿ ಗ್ರಿಜ್ಲಿ ಜೈಂಟ್ ಎಂದು ಕರೆಯುವ ದೊಡ್ಡ ಸಿಕ್ವೊಯಾ ಮರ ಇದೆ. ಅವನು ಅದರ ಬುಡದಲ್ಲಿ ಜನರನ್ನು ನಿಲ್ಲಿಸಿ ಚಿತ್ರ ತೆಗೆದ. ಮರದ ಮುಂದೆ ಜನ ಪುಟಾಣಿ ಗೊಂಬೆಗಳ ಹಾಗೆ ಕಾಣುತ್ತಾರೆ. ದೂರದ ನ್ಯೂಯಾರ್ಕ್‌ನವರೂ ಆ ಚಿತ್ರಗಳನ್ನು ನೋಡಿದರು. 1864ರ ಜೂನ್ 30ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಆ ಕಣಿವೆಯನ್ನೂ ತೋಪನ್ನೂ ಜನರಿಗಾಗಿ ಕಾಪಾಡುವ ಕಾನೂನಿಗೆ ಸಹಿ ಹಾಕಿದರು. ಲಿಂಕನ್ ಆ ಜಾಗಕ್ಕೆ ಒಮ್ಮೆಯೂ ಹೋದವರಲ್ಲ. ಫೋಟೋ ಒಂದರಿಂದಲೇ ಇದಾಯಿತು ಅಂತ ನಾನು ಹೇಳುವುದಿಲ್ಲ, ಎಷ್ಟೋ ಜನ ಓಡಾಡಿದ್ದರು. ಆದರೆ ನೋಡದ ಮರದ ಬಗ್ಗೆ ತೀರ್ಮಾನ ಮಾಡುವವರ ಮುಂದೆ ಮರವನ್ನು ತಂದು ನಿಲ್ಲಿಸಿದ್ದು ಆ ಗಾಜಿನ ಪ್ಲೇಟುಗಳೇ. ನಮ್ಮ ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದೂ ಅದೇ 1864ರಲ್ಲಿ. ಏರಿಯ ಮೇಲೆ ನಡೆಯುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ವೃಕ್ಷಾಧಿಕಾರಿಗಳೇ, ನಿಮ್ಮ ಹತ್ತಿರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮರ ಕಡಿಯಲು ಅರ್ಜಿ ಬಂದರೆ ಮರವನ್ನು ಪರಿಶೀಲಿಸಿ, ವಿಚಾರಣೆ ಮಾಡಿ ತೀರ್ಮಾನಿಸಬೇಕು ಅಂತ ಅದರಲ್ಲೇ ಇದೆ. ನೋಡಬೇಕು ಎನ್ನುವುದನ್ನು ಕಾನೂನೇ ಹೇಳಿದೆ. ಹೇಗೆ ನೋಡಬೇಕು ಎನ್ನುವುದಷ್ಟೇ ನನ್ನ ವಿನಂತಿ. ಪ್ರತಿಯೊಂದು ಅರ್ಜಿಯ ಕಡತದಲ್ಲಿ ಆ ಮರದ ಇಡೀ ಫೋಟೋ ಇರಲಿ. ಬುಡದಿಂದ ತುದಿಯವರೆಗೆ, ಸುತ್ತಲಿನ ರಸ್ತೆ, ಮನೆ, ಜನ ಎಲ್ಲ ಕಾಣುವ ಹಾಗೆ. ಬೆಳಗಿನ ಅಥವಾ ಸಂಜೆಯ ಬೆಳಕಿನಲ್ಲಿ ತೆಗೆದದ್ದು. ಸಾಧ್ಯವಾದರೆ ಇನ್ನೊಂದು, ಅದು ಹೂ ಬಿಟ್ಟಾಗಿನದ್ದು. ಮಾರ್ಚಿನಲ್ಲಿ ಕಡಿಯಬೇಕು ಅಂತ ಬರೆದ ಹೊಂಗೆಯನ್ನು ಏಪ್ರಿಲ್‌ನಲ್ಲಿ ನೋಡಿದರೆ, ಕೆಳಗೆ ಅರಳು ಚೆಲ್ಲಿದ ಹಾಗೆ ಹೂ ಉದುರಿರುತ್ತದೆ, ಮೇಲೆ ಜೇನುಹುಳುಗಳ ಸದ್ದು. ಆ ಒಂದು ತಿಂಗಳು ಕಾಯಲು ಎಲ್ಲ ಕೆಲಸದಲ್ಲೂ ಆಗುವುದಿಲ್ಲ, ಗೊತ್ತು. ಆಗುವ ಕಡೆಯಾದರೂ ಕಾಯಿರಿ. ಮರ ತೆಗೆಯಲೇಬೇಕಾಗಿ ಬಂದರೆ, ಆ ಫೋಟೋಗಳು ಊರಿನ ಲೆಕ್ಕದಲ್ಲಿ ಉಳಿಯಲಿ. ಇಲ್ಲಿ ಹೀಗೊಂದು ಮರ ಇತ್ತು ಅಂತ ಮುಂದಿನವರಿಗೆ ತೋರಿಸಬಹುದು, ಅದರ ಜಾಗದಲ್ಲಿ ನೆಟ್ಟದ್ದು ಅಷ್ಟಕ್ಕೆ ಬೆಳೆಯಿತಾ ಅಂತ ಅಳೆಯಬಹುದು.

ನಮ್ಮೂರಿನ ಎಷ್ಟೋ ಮರಗಳು ಹೊರದೇಶದವು, ಹೋದರೆ ಹೋಗಲಿ ಅನ್ನುವ ಮಾತು ಕೇಳಿದ್ದೇನೆ. ಗುಲ್‌ಮೊಹರ್ ಮಡಗಾಸ್ಕರ್‌ನದ್ದು. ಮಳೆ ಮರ, ಟಬೆಬುಯಾ, ಜಕರಂಡಾ ಇವೆಲ್ಲ ಅಮೆರಿಕ ಖಂಡದವು. ನಿಜ. ಆದರೆ ಹುಣಸೆಯೂ ಮೂಲದಲ್ಲಿ ಆಫ್ರಿಕಾದ್ದೇ, ಅದಿಲ್ಲದೆ ನಮ್ಮ ಮನೆಯಲ್ಲಿ ಸಾರು ಕುದಿಯುವುದಿಲ್ಲ. ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರು ಮೈಸೂರು ಸಂಸ್ಥಾನದ ತೋಟಗಳನ್ನು ನೋಡಿಕೊಳ್ಳುತ್ತಿದ್ದರು. ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಸಾಲುಮರಗಳನ್ನು ಆರಿಸಿ ನೆಡಬೇಕು ಅನ್ನುವುದು ಅವರ ಲೆಕ್ಕ. ಫೋಟೋ ತೆಗೆಯುವವರಿಗೆ ಅದಕ್ಕಿಂತ ಒಳ್ಳೆಯ ಕ್ಯಾಲೆಂಡರ್ ಬೇಕಾ? ಹೊಸದಾಗಿ ನೆಡುವಾಗ ನಮ್ಮ ನೇರಳೆ, ಹೊಂಗೆ, ಕಕ್ಕೆ, ಮುತ್ತುಗ ಜಾಸ್ತಿ ಇರಲಿ, ಅದು ನನ್ನ ಆಸೆಯೂ ಹೌದು. ಆದರೆ ಮೂರು ತಲೆಮಾರಿಗೆ ನೆರಳು ಕೊಟ್ಟು ನಿಂತದ್ದನ್ನು ಊರಿನದ್ದಲ್ಲ ಅನ್ನಬೇಡಿ.

ಇನ್ನು ಕ್ಯಾಮೆರಾ ಇರುವ ಮೈಸೂರಿಗರೇ, ಮಂಡ್ಯದವರೇ. ಅರಮನೆಯ ದೀಪದ ಫೋಟೋ ನಿಮ್ಮೆಲ್ಲರ ಹತ್ತಿರ ಇದೆ. ಈ ವರ್ಷ ಒಂದೇ ಒಂದು ಮರ ಆರಿಸಿಕೊಳ್ಳಿ. ನಿಮ್ಮ ಬೀದಿಯದ್ದೇ ಆಗಲಿ, ಆಫೀಸಿಗೆ ಹೋಗುವ ದಾರಿಯದ್ದಾಗಲಿ. ನಿಲ್ಲುವ ಜಾಗವನ್ನು ಗುರುತು ಮಾಡಿಕೊಂಡು ತಿಂಗಳಿಗೆ ಒಂದು ಸಲ ಅಲ್ಲಿಂದಲೇ ತೆಗೆಯಿರಿ. ಮೊಬೈಲ್ ಸಾಕು. ಮಂಡ್ಯದ ಕಡೆಯವರಿಗೆ ಇನ್ನೂ ಸುಲಭ. ನಾಲೆಗೆ ನೀರು ಬಿಟ್ಟು ನಾಟಿಗೆ ಗದ್ದೆ ಹದ ಮಾಡಿರುವಾಗ, ಬದುವಿನ ಮೇಲಿನ ಒಂಟಿ ಮರ ನೀರಿನಲ್ಲಿ ತಲೆಕೆಳಗಾಗಿ ಪೂರ್ತಿ ಕಾಣುತ್ತದೆ. ಬೆಳಗ್ಗೆ ಗಾಳಿ ಏಳುವ ಮುಂಚೆ ಹೋಗಬೇಕು ಅಷ್ಟೇ. ಪಾಂಡವಪುರದ ಕಡೆ ಒಮ್ಮೆ ಹಾಗೆ ನಿಂತಿದ್ದಾಗ ಹೊಲದ ಯಜಮಾನರು ಬಂದು ಏನು ತೆಗೀತಿದ್ದೀಯಪ್ಪ ಅಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು. "ನಮ್ ಮರ ಇಷ್ಟ್ ಚೆಂದಾಗೈತಾ?" ಅಂದರು. ಆ ಮರದ ಕೆಳಗೇ ಅವರು ನಲವತ್ತು ವರ್ಷ ಬುತ್ತಿ ಉಂಡಿದ್ದರು.

ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಒಂದು ಗೋಡೆ ಈ ಫೋಟೋಗಳಿಗೆ ಸಿಗಬಹುದಾ ಅಂತ ತೋಟಗಾರಿಕೆ ಇಲಾಖೆಯವರನ್ನೂ ಕೇಳುತ್ತಿದ್ದೇನೆ. ಫೋಟೋದ ಕೆಳಗೆ ಮರದ ಹೆಸರು, ಬೀದಿಯ ಹೆಸರು ಇದ್ದರೆ ಸಾಕು. ಪ್ರಿಂಟ್ ಹಾಕಿಕೊಡುವ ಕೆಲಸ ನನ್ನದು.

ವೃಕ್ಷಾಧಿಕಾರಿಗಳ ಕಡತಕ್ಕೆ ಬೇಕಾದ ಫೋಟೋಗಳನ್ನೂ ನಾನೇ ತೆಗೆದು ಕೊಡುತ್ತೇನೆ. ಆಷಾಢದಲ್ಲಿ ಇಡೀ ದಿನ, ಬೇರೆ ತಿಂಗಳಲ್ಲಿ ಮುಹೂರ್ತ ಇಲ್ಲದ ದಿನ. ಒಂದು ಪೈಸೆ ಬೇಡ. ನಮ್ಮ ಊರಿನ ಬೇರೆ ಸ್ಟುಡಿಯೋದವರ ಹತ್ತಿರವೂ ಮಾತಾಡಿದ್ದೇನೆ, ಮೂರು ಜನ ಬರುತ್ತೇವೆ ಅಂದಿದ್ದಾರೆ.

ಕಳೆದ ವಾರ ನಮ್ಮ ರಸ್ತೆಯ ಕೊನೆಯಲ್ಲಿರುವ ನೇರಳೆ ಮರಕ್ಕೆ ನಂಬರು ಬಿದ್ದಿದೆ. 7 ಅಂತ ಬರೆದಿದ್ದಾರೆ. ಎದುರಿನ ಮನೆಯ ತಾರಸಿ ದಾಟಿ ಬೆಳಕು ಅದರ ಮೇಲೆ ಬೀಳುವುದು ಬೆಳಗ್ಗೆ ಆರೂಮುಕ್ಕಾಲಕ್ಕೆ, ಏಳೂಕಾಲರವರೆಗೆ ಇರುತ್ತದೆ. ಈ ಭಾನುವಾರ ನಾನು ಟ್ರೈಪಾಡ್ ಹಾಕಿಕೊಂಡು ಹಾಲಿನ ಬೂತಿನ ಮುಂದೆ ನಿಂತಿರುತ್ತೇನೆ. ಅಧಿಕಾರಿಗಳಲ್ಲಿ ಯಾರಾದರೂ ಬಂದರೆ, ಕ್ಯಾಮೆರಾದೊಳಗಿಂದ ಒಮ್ಮೆ ನೋಡಿ ಹೋಗಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸ್ಟುಡಿಯೋದವನು
ಮೈಸೂರು